ರಾಣಿ ಆಳುವುದಿಲ್ಲ, ಸಲಗ ಒಂಟಿಯಲ್ಲ

ನಮ್ಮ ಮನೆಯ ಹಿತ್ತಿಲ ಕಿಟಕಿಯ ಸಜ್ಜದ ಕೆಳಗೆ ಒಂದು ಕಣಜದ ಗೂಡಿದೆ. ಕಡಜ ಅನ್ನುವವರೂ ಉಂಟು. ಅಂಗೈಯಗಲದ ಬೂದು ಗೂಡು, ಮುಟ್ಟಿದರೆ ಹಳೆಯ ಪೇಪರಿನಂತೆ ಗರಗರ ಎನ್ನುವ ಕೋಣೆಗಳು, ಮೇಲೆ ಇಪ್ಪತ್ತು ಇಪ್ಪತ್ತೈದು ಕೆಂಗಂದು ಹುಳುಗಳು. ಬೇಸಗೆ ರಜೆಗೆ ಬಂದಿದ್ದ ತಂಗಿಯ ಮಗ ಸ್ಟೂಲು ಹಾಕಿಕೊಂಡು ದೂರದಿಂದ ನೋಡುತ್ತಿದ್ದವನು ಕೇಳಿದ: "ಮಾವ, ಇದರಲ್ಲಿ ರಾಣಿ ಯಾವುದು? ಅದೊಂದನ್ನ ಹೊಡೆದರೆ ಉಳಿದವೆಲ್ಲ ಓಡಿಹೋಗ್ತಾವಂತೆ."

ಹೊಡೆಯುವುದು ಬೇಡ, ಮೊದಲು ರಾಣಿಯನ್ನು ಹುಡುಕು ಎಂದೆ. ಇಬ್ಬರೂ ಕುಳಿತೆವು. ಒಂದು ಹುಳು ಹೊರಗಿನಿಂದ ಬಂದು ಬಾಯಲ್ಲಿದ್ದ ಕಂಬಳಿಹುಳದ ಮಾಂಸದ ಉಂಡೆಯನ್ನು ಇನ್ನೊಂದಕ್ಕೆ ಕೊಟ್ಟಿತು. ಅದು ಅರ್ಧ ಹರಿದು ಮೂರನೆಯದಕ್ಕೆ ದಾಟಿಸಿತು. ಅರ್ಧ ಗಂಟೆಯಾದ ಮೇಲೆ ಹುಡುಗ "ಅದೋ ರಾಣಿ" ಎಂದು ಬೆರಳು ತೋರಿದ. ಗೂಡಿನ ನಡುವೆ ಬಿರಬಿರನೆ ಓಡಾಡುತ್ತ, ಎದುರು ಸಿಕ್ಕವರ ಮೈಮೇಲೆ ಏರಿ ಕಚ್ಚಲು ಹೋಗುತ್ತಿದ್ದ ಒಂದು ಹುಳು ಅದು. ಆದರೆ ಸ್ವಲ್ಪ ಹೊತ್ತಿನಲ್ಲಿ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಇನ್ನೊಂದು ಹುಳು ಎದ್ದು, ಮೆಲ್ಲಗೆ ನಡೆದು, ಒಂದು ಖಾಲಿ ಕೋಣೆಯೊಳಗೆ ತಲೆ ಹಾಕಿ ನೋಡಿ, ಆಮೇಲೆ ತಿರುಗಿ ಹೊಟ್ಟೆಯ ತುದಿಯನ್ನು ಅದರೊಳಗೆ ಇಳಿಸಿತು. ಮೊಟ್ಟೆ ಇಟ್ಟದ್ದು ಅದು. ರಾಣಿ ಎಂದು ನಾವು ಕರೆಯುವುದು ಅದನ್ನೇ.

ಹುಡುಗನಿಗೆ ನಿರಾಸೆಯಾಯಿತು. ಅವನ ತಪ್ಪೇನೂ ಇಲ್ಲ. ರಾಣಿ, ಸೈನಿಕ, ನಾಯಕ, ಪುಂಡ, ಒಂಟಿ ಎಂದು ಗುಂಪಿನಲ್ಲಿ ಬಾಳುವ ಪ್ರಾಣಿಗಳಿಗೆ ನಾವು ಇಟ್ಟ ಹೆಸರುಗಳೆಲ್ಲ ಅರಮನೆಯಿಂದ, ದಂಡಿನಿಂದ, ನಮ್ಮ ಊರಿನ ಪಂಚಾಯ್ತಿಯಿಂದ ಎರವಲು ತಂದವು. ಹೆಸರಿನ ಹಿಂದೆಯೇ ಕಲ್ಪನೆಯೂ ಬಂತು. ಅವುಗಳಲ್ಲಿ ಕೆಲವು ನಿರಪಾಯಕಾರಿ. ಕೆಲವು ಪ್ರಾಣಿಗಳ ಜೀವಕ್ಕೇ ಮುಳುವಾಗಿವೆ. ಅದಕ್ಕಾಗಿಯೇ ಇವನ್ನು ಒಂದೊಂದಾಗಿ ಬಿಡಿಸಿ ನೋಡಬೇಕೆನಿಸಿತು.

ತಪ್ಪು ಕಲ್ಪನೆ: ಗೂಡನ್ನು ಆಳುವುದು ರಾಣಿ

ಈ ಕಣಜಗಳ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಬೆಂಗಳೂರಿನಿಂದಲೇ ಹೋದದ್ದು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕಿಟಕಿಗಳಲ್ಲಿ ಈ ಗೂಡುಗಳನ್ನು ಕಂಡ ವಿದ್ಯಾರ್ಥಿಯೊಬ್ಬರು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರೂ ಮನಸ್ಸು ಕಿಟಕಿಯಲ್ಲೇ ಉಳಿದಿತ್ತು. ಅವರೇ ರಾಘವೇಂದ್ರ ಗದಗಕರ್. ರೊಪಾಲಿಡಿಯ ಮಾರ್ಜಿನೇಟ ಎಂಬ ಈ ಒಂದು ಜಾತಿಯ ಕಣಜದ ಹಿಂದೆ ಅವರೂ ಅವರ ಶಿಷ್ಯರೂ ದಶಕಗಳನ್ನೇ ಕಳೆದಿದ್ದಾರೆ. ಪ್ರತಿ ಹುಳುವಿನ ಮೈಮೇಲೆ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಯಾವುದು ಎಷ್ಟು ಸಲ ಆಹಾರ ತಂತು, ಯಾವುದು ಯಾರನ್ನು ಕಚ್ಚಿತು ಎಂದು ಗಂಟೆಗಟ್ಟಲೆ ಬರೆದಿಟ್ಟ ಕೆಲಸ ಅದು.

ಆ ಬರಹದಿಂದ ಹೊರಬಂದ ರಾಣಿ ತೀರಾ ಸಾಧು. ಅವಳು ಯಾರನ್ನೂ ಹೊಡೆಯುವುದಿಲ್ಲ, ಯಾರನ್ನೂ ಕೆಲಸಕ್ಕೆ ಅಟ್ಟುವುದಿಲ್ಲ. ಯಾರು ಆಹಾರಕ್ಕೆ ಹೋಗಬೇಕು, ಯಾರು ಮರಿಹುಳಗಳಿಗೆ ತಿನ್ನಿಸಬೇಕು ಎಂಬುದನ್ನು ಕೆಲಸಗಾರ ಹುಳುಗಳು ತಮ್ಮತಮ್ಮಲ್ಲೇ ತಳ್ಳಾಡಿ ಇತ್ಯರ್ಥ ಮಾಡಿಕೊಳ್ಳುತ್ತವೆ. ನಮ್ಮ ಹುಡುಗ ರಾಣಿ ಎಂದು ಬೆರಳು ತೋರಿದ ಜಗಳಗಂಟಿ ಅಂಥ ಒಂದು ಕೆಲಸಗಾರ್ತಿ. ರಾಣಿ ಮಾಡುವುದು ಮೊಟ್ಟೆ ಇಡುವುದು, ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುವುದು. ಹಾಗೆ ಉಜ್ಜಿದಾಗ ಒಂದು ಗ್ರಂಥಿಯ ರಸ ಗೂಡಿಗೆ ಅಂಟುತ್ತದೆ. 'ನಾನಿದ್ದೇನೆ' ಎಂಬ ಸುದ್ದಿ ಅದರ ವಾಸನೆಯಲ್ಲೇ ಎಲ್ಲರಿಗೂ ತಲುಪುತ್ತದೆ. ಅಪ್ಪಣೆ ಅದರಲ್ಲಿ ಇಲ್ಲ.

ರಾಣಿಯನ್ನು ತೆಗೆದರೆ ಏನಾಗುತ್ತದೆ? ಹುಡುಗನ ಮಾತಿನಂತೆ ಗೂಡು ಚೆದುರಬೇಕಿತ್ತು. ಚೆದುರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಅಲ್ಲಿಯವರೆಗೆ ಎಲ್ಲರಂತೆ ಇದ್ದ ಒಂದು ಕೆಲಸಗಾರ್ತಿ ಇದ್ದಕ್ಕಿದ್ದಂತೆ ಉಗ್ರವಾಗುತ್ತದೆ, ಸಿಕ್ಕಸಿಕ್ಕವರ ಮೇಲೆ ಎರಗುತ್ತದೆ. ಉಳಿದವು ಎದುರು ನಿಲ್ಲುವುದಿಲ್ಲ. ವಾರದೊಳಗೆ ಅದರ ಅಂಡಕೋಶ ಬೆಳೆದು ಮೊಟ್ಟೆ ಇಡತೊಡಗುತ್ತದೆ, ಮೆಲ್ಲಗೆ ಅದೂ ಸಾಧುವಾಗುತ್ತದೆ. ನೋಡುವ ಮನುಷ್ಯನಿಗೆ ಮುಂದಿನ ರಾಣಿ ಯಾರೆಂದು ಮೊದಲೇ ಹೇಳಲು ಬರುವುದಿಲ್ಲ. ವಯಸ್ಸು, ಗಾತ್ರ, ಜಗಳಗಂಟಿತನ, ಯಾವುದರಿಂದಲೂ ಗೊತ್ತಾಗುವುದಿಲ್ಲ. ಆದರೆ ಕಣಜಗಳಿಗೆ ಗೊತ್ತಿರುತ್ತದೆ. ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಇಟ್ಟು, ರಾಣಿಯನ್ನು ಅತ್ತಿಂದಿತ್ತ ಬದಲಿಸಿ ಮಾಡಿದ ಪ್ರಯೋಗವೊಂದು 2008ರಲ್ಲಿ ಅದನ್ನು ತೋರಿಸಿತು. ವಾರಸುದಾರಳು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ, ಸರದಿ ಬಂದಾಗ ಉಳಿದವು ಜಗಳವಿಲ್ಲದೆ ಒಪ್ಪುತ್ತವೆ.

ಇದೇ ಕುಲದ ಇನ್ನೊಂದು ಜಾತಿಯಲ್ಲಿ, ರೊಪಾಲಿಡಿಯ ಸಯಾತಿಫಾರ್ಮಿಸ್‌ನಲ್ಲಿ, ರಾಣಿಯೇ ಜಗಳಗಂಟಿ. ಆದ್ದರಿಂದ 'ಕಣಜ ಎಂದರೆ ಹೀಗೆ' ಎಂದು ಒಂದೇ ಏಟಿಗೆ ಹೇಳಲು ಬರುವುದಿಲ್ಲ. ಗೆದ್ದಲಿನ ಹುತ್ತದಲ್ಲಂತೂ ರಾಣಿಯ ಪಕ್ಕ ಜೀವನಪೂರ್ತಿ ಒಬ್ಬ ರಾಜನೂ ಇರುತ್ತಾನೆ, ಅವನೂ ಯಾರನ್ನೂ ಆಳುವುದಿಲ್ಲ.

ಇನ್ನು ಜೇನು. ಜೇನುಕುಟುಂಬ ಪಾಲಾಗಿ ಹೊರಡುವುದನ್ನು ಮಲೆನಾಡಿನ ಜೇನು ಸಾಕುವವರು ಎಷ್ಟೋ ಸಲ ಕಂಡಿರುತ್ತಾರೆ. ರಾಣಿ ಹೊರಟಳು, ಪ್ರಜೆಗಳು ಹಿಂಬಾಲಿಸಿದರು ಎಂದೇ ನಮ್ಮ ಮಾತು. ಯುರೋಪಿನ ಜೇನಿನಲ್ಲಿ ವಿವರವಾಗಿ ನಡೆದ ಅಧ್ಯಯನಗಳು ಇದನ್ನು ತಲೆಕೆಳಗು ಮಾಡಿವೆ. ಹೊರಡುವ ದಿನಗಳು ಹತ್ತಿರವಾದಂತೆ ಕೆಲಸಗಾರ್ತಿಯರು ರಾಣಿಗೆ ತಿನ್ನಿಸುವುದನ್ನು ಕಡಿಮೆ ಮಾಡುತ್ತಾರೆ. ಅವಳನ್ನು ಹಿಡಿದು ಅಲುಗಾಡಿಸುತ್ತಾರೆ, ಸುಮ್ಮನೆ ಕೂರಲು ಬಿಡುವುದಿಲ್ಲ. ಮೊಟ್ಟೆಯ ಭಾರದಿಂದ ಹಾರಲಾಗದಿದ್ದವಳು ಮೈ ಇಳಿದು ಹಾರುವ ಹದಕ್ಕೆ ಬರುತ್ತಾಳೆ. ಹೊರಗೆ ಹೋಗುವವಳು ಹಳೆಯ ರಾಣಿ, ಅಂದರೆ ತಾಯಿ. ಕಟ್ಟಿದ ಮನೆ, ಕೂಡಿಟ್ಟ ತುಪ್ಪ ಎರಡೂ ಮಗಳಿಗೆ.

ಹೊರಬಂದ ಪಾಲು ಮೊದಲು ಕೊಂಬೆಯೊಂದಕ್ಕೆ ಮುದ್ದೆಯಾಗಿ ಜೋತುಬೀಳುತ್ತದೆ. ಆ ಮುದ್ದೆ ಮುಂದೆ ಎಲ್ಲಿಗೆ ಹೋಗಬೇಕು? 1950ರ ದಶಕದ ಹೊತ್ತಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಮಾರ್ಟಿನ್ ಲಿಂಡಾವರ್ ಇದರ ಬೆನ್ನು ಹತ್ತಿದರು. ಯುದ್ಧದಲ್ಲಿ ಬಾಂಬು ಬಿದ್ದು ಹಾಳಾಗಿದ್ದ ಊರು. ಹೋಗಿಬಂದ ಜಾಗವನ್ನು ಉಳಿದವಕ್ಕೆ ತಿಳಿಸಲು ಮುದ್ದೆಯ ಮೇಲೆ ಕುಣಿಯುತ್ತಿದ್ದ ಕೆಲವು ನೊಣಗಳ ಮೈಯೆಲ್ಲ ಕೊಳೆಯಾಗಿತ್ತು. ಒಂದರ ಮೈಗೆ ಹೊಗೆಕೊಳವೆಯ ಮಸಿ, ಒಂದರ ಮೈಗೆ ಕೆಂಪು ಇಟ್ಟಿಗೆಪುಡಿ. ಇವು ಮಕರಂದ ತರಲು ಹೋದವಲ್ಲ, ಮನೆ ಹುಡುಕಲು ಹೋದವು ಎಂದು ಅವರಿಗೆ ಹೊಳೆದದ್ದು ಆ ಕೊಳೆಯಿಂದ. ಆ ಮೇಲೆ ಅಮೆರಿಕದ ಥಾಮಸ್ ಸೀಲಿ ಇದನ್ನು ಕೊನೆಯವರೆಗೆ ಬಿಡಿಸಿದರು. ಹತ್ತು ಸಾವಿರದ ಮುದ್ದೆಯಲ್ಲಿ ಕೆಲವು ನೂರು ನೊಣಗಳು ಮಾತ್ರ ಜಾಗ ನೋಡಲು ಹೋಗುತ್ತವೆ. ಒಳ್ಳೆಯ ಪೊಟರೆ ಕಂಡದ್ದು ಬಂದು ಹೆಚ್ಚು ಹೊತ್ತು ಕುಣಿಯುತ್ತದೆ, ಸಾಧಾರಣ ಜಾಗ ಕಂಡದ್ದು ಬೇಗ ನಿಲ್ಲಿಸುತ್ತದೆ. ಬೇರೆ ಜಾಗದ ಪರವಾಗಿ ಕುಣಿಯುವವರಿಗೆ ತಲೆಯಿಂದ ಗುದ್ದಿ ಸಾಕು ಮಾಡಿಸುವುದೂ ಉಂಟು. ಯಾವುದಾದರೂ ಒಂದು ಜಾಗದಲ್ಲಿ ಇಪ್ಪತ್ತು ಮೂವತ್ತು ನೊಣ ಒಟ್ಟಿಗೆ ಸೇರಿದವೆಂದರೆ ತೀರ್ಮಾನವಾದಂತೆ. ರಾಣಿಯ ಅಭಿಪ್ರಾಯ ಯಾರೂ ಕೇಳುವುದಿಲ್ಲ. ಮುದ್ದೆಯ ನಡುವೆ ಅವಳು ಸುಮ್ಮನೆ ಇರುತ್ತಾಳೆ.

ತಪ್ಪು ಕಲ್ಪನೆ: ಕೆಲಸಗಾರ ಹುಳು ಗುಲಾಮ, ಬೇರೆ ದಾರಿಯಿಲ್ಲದೆ ದುಡಿಯುತ್ತದೆ

ಜೇನಿನಲ್ಲಿ ಕೆಲಸಗಾರ್ತಿಗೆ ರಾಣಿಯಾಗುವ ದಾರಿ ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಹೋಗುತ್ತದೆ. ಆದರೆ ನಮ್ಮ ಕಿಟಕಿಯ ಕಣಜದಲ್ಲಿ ಹಾಗಲ್ಲ. ಯಾವ ಹೆಣ್ಣು ಬೇಕಾದರೂ ಎದ್ದುಹೋಗಿ ಬೇರೆ ಸಜ್ಜದ ಕೆಳಗೆ ತನ್ನದೇ ಗೂಡು ಕಟ್ಟಬಹುದು. ಕೆಲವು ಹೋಗುತ್ತವೆ ಕೂಡ. ಹಾಗಾದರೆ ಉಳಿದವು ಏಕೆ ಇಲ್ಲಿದ್ದು ಇನ್ನೊಬ್ಬಳ ಮಕ್ಕಳನ್ನು ಸಾಕುತ್ತವೆ? 1859ರಲ್ಲಿ ಡಾರ್ವಿನ್‌ನನ್ನೇ ತಡವರಿಸುವಂತೆ ಮಾಡಿದ ಪ್ರಶ್ನೆ ಇದು.

1964ರಲ್ಲಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಒಂದು ಉತ್ತರ ಕೊಟ್ಟರು. ಒಡಹುಟ್ಟಿದವರಲ್ಲಿ ನನ್ನದೇ ವಂಶವಾಹಿಗಳ ಪ್ರತಿಗಳಿರುತ್ತವೆ. ಅವರನ್ನು ಸಾಕಿದರೆ ನನ್ನ ವಂಶವಾಹಿಗಳೂ ಮುಂದೆ ಹೋಗುತ್ತವೆ. ಇದು ದೊಡ್ಡ ಉತ್ತರ, ಆದರೆ ಪೂರ್ತಿ ಉತ್ತರವಲ್ಲ. ಈ ಕಣಜದ ರಾಣಿ ಹಲವು ಗಂಡುಗಳನ್ನು ಕೂಡುತ್ತಾಳೆ, ರಾಣಿಯರೂ ಒಬ್ಬರ ನಂತರ ಒಬ್ಬರು ಬದಲಾಗುತ್ತಾರೆ. ಆದ್ದರಿಂದ ಗೂಡಿನಲ್ಲಿರುವವರು ನಾವು ಊಹಿಸುವಷ್ಟು ಹತ್ತಿರದ ರಕ್ತಸಂಬಂಧಿಗಳಲ್ಲ. ಗದಗಕರ್ ಇನ್ನೊಂದು ಲೆಕ್ಕ ತೋರಿಸಿದರು. ಒಂಟಿಯಾಗಿ ಗೂಡು ಕಟ್ಟಿದ ಹೆಣ್ಣು ಮರಿ ದೊಡ್ಡದಾಗುವ ಮೊದಲೇ ಸತ್ತರೆ ಅವಳು ಮಾಡಿದ್ದೆಲ್ಲ ನೀರುಪಾಲು. ತುಂಬಿದ ಮನೆಯಲ್ಲಿ ದುಡಿಯುತ್ತ ಸತ್ತರೆ ಅವಳು ಅರ್ಧ ಸಾಕಿದ ಮರಿಯನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ, ದುಡಿದಷ್ಟು ದಕ್ಕುತ್ತದೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಎಂದಾದರೂ ಒಂದು ದಿನ ಮನೆಯ ಯಜಮಾನಿಕೆ ತನಗೇ ಬರುವ ಸಾಧ್ಯತೆಯೂ ಉಂಟು.

ತಪ್ಪು ಕಲ್ಪನೆ: ತೋಳದ ಹಿಂಡಿನಲ್ಲಿ ಕಾದಾಡಿ ಗೆದ್ದ 'ಆಲ್ಫಾ' ಆಳುತ್ತದೆ

1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದ ಮಾತು ಇದರ ಮೂಲ. ಆವರಣದೊಳಗೆ ಕೂಡಿಹಾಕಿದ, ಬಿಟ್ಟುಹೋಗಲು ದಾರಿಯೇ ಇಲ್ಲದ ತೋಳಗಳು ಅವು, ಕಾದಾಡಿದವು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕ ಆ ಮಾತನ್ನು ಲೋಕಕ್ಕೆಲ್ಲ ಹರಡಿತು. ಆಮೇಲೆ ಅದೇ ಮೆಕ್ 1986ರಿಂದ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಗೆ ಮೇಲೆ ಬೇಸಗೆ ಕಾಡುತೋಳಗಳ ನಡುವೆ ಕಳೆದರು. ಅಲ್ಲಿ ಕಂಡದ್ದು ತಂದೆ, ತಾಯಿ, ಹೋದ ವರ್ಷದ ಮಕ್ಕಳು, ಈ ವರ್ಷದ ಮರಿಗಳು. ಹಿಂಡು ಎಂದರೆ ಒಂದು ಸಂಸಾರ. ಮಕ್ಕಳು ತಂದೆತಾಯಿಯ ಮಾತು ಕೇಳುವುದಕ್ಕೆ ಕಾದಾಟ ಬೇಕಿರಲಿಲ್ಲ. ದೊಡ್ಡವಾದ ಮೇಲೆ ಹಿಂಡು ಬಿಟ್ಟುಹೋಗಿ ತಮ್ಮದೇ ಸಂಸಾರ ಹೂಡುತ್ತಿದ್ದವು. 1999ರಲ್ಲಿ ಮೆಕ್ ತಮ್ಮ ಹಳೆಯ ಮಾತನ್ನು ತಾವೇ ತಿದ್ದಿ ಬರೆದರು, ಆ ಪುಸ್ತಕ ಮತ್ತೆ ಅಚ್ಚು ಮಾಡಬೇಡಿ ಎಂದು ಪ್ರಕಾಶಕರನ್ನು ವರ್ಷಗಟ್ಟಲೆ ಬೇಡಿಕೊಂಡರು. ಸ್ವಂತ ತಪ್ಪನ್ನು ಇಷ್ಟು ಬಹಿರಂಗವಾಗಿ ತಿದ್ದಿಕೊಂಡ ವಿಜ್ಞಾನಿಯನ್ನು ನಾನು ತುಂಬಾ ಗೌರವಿಸುತ್ತೇನೆ.

ಅಷ್ಟರಲ್ಲಿ ಆಲ್ಫಾ ನಾಯಿ ತರಬೇತಿಯವರ ಬಾಯಿಗೆ ಬಿದ್ದಿತ್ತು. ನಮ್ಮ ಬೀದಿಯಲ್ಲೇ ಒಬ್ಬರು ಮೂರು ತಿಂಗಳ ಮರಿಯನ್ನು ಅಂಗಾತ ಕೆಡವಿ ಕತ್ತು ಒತ್ತಿ ಹಿಡಿಯುವುದನ್ನು ಕಂಡಿದ್ದೇನೆ. 'ಯಜಮಾನ ಯಾರೂಂತ ಅದಕ್ಕೆ ಗೊತ್ತಾಗಬೇಕು' ಅಂದರು. ಮರಿ ಉಚ್ಚೆ ಹೊಯ್ದುಕೊಂಡಿತ್ತು. ಅದಕ್ಕೆ ಗೊತ್ತಾದದ್ದು ಭಯ ಮಾತ್ರ. ಗದಗಕರ್ ಅವರ ಶಿಷ್ಯೆಯಾಗಿ ಕಣಜಗಳನ್ನೇ ಅಭ್ಯಸಿಸಿದ ಅನಿಂದಿತಾ ಭದ್ರ ಈಗ ಕೋಲ್ಕತ್ತದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಬೀದಿನಾಯಿಗಳ ಬದುಕನ್ನು ಹಿಂಬಾಲಿಸುತ್ತಿದ್ದಾರೆ. ಮಗಳ ಮರಿಗಳನ್ನು ಅಜ್ಜಿನಾಯಿ ನೋಡಿಕೊಂಡದ್ದನ್ನು ಅವರ ತಂಡ ದಾಖಲಿಸಿದೆ. ನಮ್ಮ ಬೀದಿನಾಯಿಯನ್ನು ಅರ್ಥಮಾಡಿಕೊಳ್ಳಲು ಬಾಸೆಲ್‌ನ ಬೇಲಿಯೊಳಗಿನ ತೋಳಕ್ಕಿಂತ ಈ ಅಜ್ಜಿನಾಯಿ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ.

ತಪ್ಪು ಕಲ್ಪನೆ: ಕುರಿಮಂದೆಗೆ ಬುದ್ಧಿಯಿಲ್ಲ, ಒಂದರ ಹಿಂದೆ ಒಂದು ಹೋಗುತ್ತದೆ

ಚಳ್ಳಕೆರೆ ಕಡೆಯ ಬಯಲಿನಲ್ಲಿ ಒಂದು ಸಂಜೆ ಕುರಿಮಂದೆಯ ಪಕ್ಕ ನಿಂತಿದ್ದೆ. ಅಂಚಿನವು ತಲೆ ಬಗ್ಗಿಸಿ ಮೇಯುತ್ತಿದ್ದವು. ಎಲ್ಲಿಂದಲೋ ಒಂದು ಅಪರಿಚಿತ ನಾಯಿ ಬಂತು. ಕಣ್ಣು ಮಿಟುಕಿಸುವುದರೊಳಗೆ ಚೆಲ್ಲಾಪಿಲ್ಲಿಯಾಗಿದ್ದ ಮಂದೆ ಒಂದು ಗಟ್ಟಿ ಉಂಡೆಯಾಯಿತು. ಆದರೆ ಯಾವ ಕುರಿಯೂ ಮುಂದಿನ ಕುರಿಯ ಬಾಲ ನೋಡಿ ಓಡಲಿಲ್ಲ. ಪ್ರತಿಯೊಂದೂ ನಡುವಿಗೆ ನುಗ್ಗಿತು. ಹೊರಗೆ ಸಿಕ್ಕಿಕೊಂಡವು ಒಳಗಿನವುಗಳ ಹೊಟ್ಟೆಯಡಿ ತಲೆ ತೂರಿಸಿದವು. ಕುರಿಗಾರ ನಾಯಿಗೆ ಕಲ್ಲು ಬೀರಿ, "ಎಲ್ಲಕ್ಕೂ ಒಳಗೇ ಬೇಕು, ಯಾವುದೂ ಹೊರಗೆ ನಿಲ್ಲಂಗಿಲ್ಲ" ಎಂದ.

1971ರಲ್ಲಿ ಅದೇ ಹ್ಯಾಮಿಲ್ಟನ್ ಬರೆದ ಪ್ರಬಂಧದ ತಿರುಳೂ ಆ ಕುರಿಗಾರನ ಮಾತೇ. ಬೇಟೆಗಾರ ಮೊದಲು ಹಿಡಿಯುವುದು ಅಂಚಿನಲ್ಲಿದ್ದವರನ್ನು. ಆದ್ದರಿಂದ ಎಲ್ಲರೂ ಬೇರೆಯವರನ್ನು ತಮ್ಮ ಮತ್ತು ಅಪಾಯದ ನಡುವೆ ಇಟ್ಟುಕೊಳ್ಳಲು ನೋಡುತ್ತಾರೆ, ಮಂದೆ ತಾನಾಗಿ ಕಟ್ಟಿಕೊಳ್ಳುತ್ತದೆ. 2012ರಲ್ಲಿ ಕುರಿಗಳ ಬೆನ್ನಿಗೆ ಜಿಪಿಎಸ್ ಕಟ್ಟಿ ನಾಯಿ ಬಿಟ್ಟು ಅಳೆದಾಗಲೂ ಕುರಿಗಳು ಮಂದೆಯ ನಡುವಿನತ್ತಲೇ ಧಾವಿಸಿದ್ದವು. ಮಂದೆಯಲ್ಲಿ ಇರುವುದು ಬುದ್ಧಿಯಿಲ್ಲದ ಅನುಕರಣೆಯಲ್ಲ, ಪ್ರತಿ ಕುರಿಯ ಜೀವದಾಸೆ.

ತಪ್ಪು ಕಲ್ಪನೆ: ಪ್ರಾಣಿಗಳು ತಮ್ಮ ಜಾತಿಯ ಒಳಿತಿಗಾಗಿ ಬದುಕುತ್ತವೆ, ತಮ್ಮವರನ್ನು ಕೊಲ್ಲುವುದಿಲ್ಲ

ಮನುಷ್ಯನೊಬ್ಬನೇ ತನ್ನವರನ್ನು ಕೊಲ್ಲುವವನು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಈ ಮಾತು ಕುಸಿಯಲು ಶುರುವಾದದ್ದು ಧಾರವಾಡದಲ್ಲಿ.

1960ರ ದಶಕದ ಆರಂಭದಲ್ಲಿ ಯುಕಿಮಾರು ಸುಗಿಯಾಮ ಎಂಬ ಜಪಾನಿನ ತರುಣ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳ ಹಿಂಡುಗಳನ್ನು ಗುರುತು ಹಿಡಿದು ನೋಡುತ್ತಿದ್ದರು. ಅಲ್ಲಿನ ಹಲವು ಹಿಂಡುಗಳಲ್ಲಿ ಒಂದು ದೊಡ್ಡ ಗಂಡು, ಹಲವು ಹೆಣ್ಣು, ಅವುಗಳ ಮಕ್ಕಳು. ಹಿಂಡು ಸಿಗದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ತಿರುಗುತ್ತವೆ. 1962ರಲ್ಲಿ ಅಂಥ ಒಂದು ಗಂಡುಗುಂಪು ಹಿಂಡೊಂದರ ಮೇಲೆ ಬಿದ್ದು ಹಳೆಯ ಗಂಡನ್ನು ಓಡಿಸಿತು. ಆಮೇಲೆ ಒಂದು ಗಂಡು ಉಳಿದವುಗಳನ್ನೂ ಓಡಿಸಿ ಹಿಂಡನ್ನು ತನ್ನದಾಗಿಸಿಕೊಂಡಿತು. ಅದಾದ ಮೇಲೆ ತಾಯಂದಿರ ಎದೆಗೆ ಅಂಟಿದ್ದ ಕೂಸುಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತವು. ಕೂಸು ಕಳೆದುಕೊಂಡ ಹೆಣ್ಣುಗಳು ಕೆಲವೇ ದಿನಗಳಲ್ಲಿ ಬೆದೆಗೆ ಬಂದು ಅದೇ ಗಂಡನ್ನು ಕೂಡಿದವು.

ಆ 1962ರಲ್ಲೇ ಬ್ರಿಟನ್ನಿನಲ್ಲಿ ವಿ.ಸಿ. ವೈನ್-ಎಡ್ವರ್ಡ್ಸ್ ಪ್ರಾಣಿಗಳು ಗುಂಪಿನ ಹಿತಕ್ಕಾಗಿ ತಮ್ಮ ಸಂತಾನವನ್ನೇ ಮಿತಿಗೊಳಿಸಿಕೊಳ್ಳುತ್ತವೆ ಎಂದು ವಾದಿಸುವ ದಪ್ಪ ಪುಸ್ತಕ ಹೊರತಂದಿದ್ದರು. ಧಾರವಾಡದ ಕಾಡಿನಲ್ಲಿ ಕಂಡದ್ದು ಅದಕ್ಕೆ ನೇರ ಎದುರು. ಸುಗಿಯಾಮ ಅವರ ವರದಿಯನ್ನು ಹಲವರು ನಂಬಲಿಲ್ಲ. ಜನರ ಕಾಟದಿಂದ, ಇಕ್ಕಟ್ಟಿನಿಂದ ಕೆಟ್ಟುಹೋದ ಮಂಗಗಳ ವಿಕಾರ ಎಂದರು. 1970ರ ದಶಕದಲ್ಲಿ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ವರ್ಷಗಟ್ಟಲೆ ಮುಸುವಗಳನ್ನು ನೋಡಿ ಬೇರೆ ಮಾತು ಹೇಳಿದರು. ಗಂಡಿಗೆ ಹಿಂಡು ಸಿಗುವುದು ಸ್ವಲ್ಪ ಕಾಲ. ಹಾಲೂಡುವ ತಾಯಿ ಬೆದೆಗೆ ಬರುವುದಿಲ್ಲ. ಬೇರೆಯವನ ಕೂಸು ದೊಡ್ಡದಾಗುವವರೆಗೆ ಕಾದರೆ ಅವನ ಕಾಲವೇ ಮುಗಿಯುತ್ತದೆ. ವಿಕಾರವಲ್ಲ, ಹೊಸ ಗಂಡಿನ ವಂಶಕ್ಕೆ ಲಾಭವಾಗುವ ನಡವಳಿಕೆ. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯೂ ಇದಕ್ಕೆ ಸಾಕ್ಷಿ ನುಡಿಯಿತು. ಕೂಸುಗಳ ಮೇಲೆ ದಾಳಿ ಮಾಡಿದ ಗಂಡುಗಳು ಆ ಕೂಸುಗಳ ತಂದೆಯರಾಗಿರಲಿಲ್ಲ.

ಇದನ್ನು ಓದಿ ಮುಸುವವನ್ನು ದ್ವೇಷಿಸಬಾರದು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಹರ್ಡಿ ಕಂಡ ಇನ್ನೊಂದು ನೋಟ. ಗಂಡು ಕೂಸಿನ ಮೇಲೆ ಎರಗಿದಾಗ ಅಡ್ಡ ಬೀಳುತ್ತಿದ್ದವರಲ್ಲಿ ತಾಯಿಯಷ್ಟೇ ಅಲ್ಲ, ಹೆರುವ ಕಾಲ ಮುಗಿದ ಮುದಿ ಹೆಣ್ಣುಗಳೂ ಇದ್ದವು. ತಮಗಿಂತ ಎಷ್ಟೋ ದೊಡ್ಡ ಗಂಡಿನ ಮೇಲೆ ಅವು ಮುಗಿಬಿದ್ದು ಮೈಯೆಲ್ಲ ಗಾಯ ಮಾಡಿಕೊಂಡವು. ಹಿಂಡಿನ ಹೆಣ್ಣುಗಳು ಸಾಮಾನ್ಯವಾಗಿ ಒಬ್ಬರಿಗೊಬ್ಬರು ನಂಟರು. ಕೊಲೆ ನಡೆದದ್ದೂ ಅದೇ ಹಿಂಡಿನಲ್ಲಿ, ಆ ಮುದುಕಿಯರು ನಿಂತದ್ದೂ ಅದೇ ಹಿಂಡಿನಲ್ಲಿ. ಎರಡೂ ನಿಜ.

ತಪ್ಪು ಕಲ್ಪನೆ: ಲೆಮ್ಮಿಂಗ್ ಇಲಿಗಳು ಗುಂಪಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ

ಮಾಡಿಕೊಳ್ಳುವುದಿಲ್ಲ. 1958ರ ಡಿಸ್ನಿ ಸಾಕ್ಷ್ಯಚಿತ್ರವೊಂದರಲ್ಲಿ ಅವು ಬಂಡೆಯಿಂದ ನೀರಿಗೆ ಬೀಳುವ ದೃಶ್ಯವಿದೆ. ಅವನ್ನು ಬೇರೆ ಕಡೆಯಿಂದ ತಂದು, ಕೆನಡಾದ ಆಲ್ಬರ್ಟದಲ್ಲಿ ಚಿತ್ರತಂಡದವರೇ ನದಿಗೆ ತಳ್ಳಿದ್ದರು. ಸಂಖ್ಯೆ ಮಿತಿಮೀರಿದ ವರ್ಷಗಳಲ್ಲಿ ಲೆಮ್ಮಿಂಗ್‌ಗಳು ಹೊಸ ಜಾಗ ಹುಡುಕಿ ಹೊರಡುತ್ತವೆ, ನೀರು ದಾಟುವಾಗ ಕೆಲವು ಮುಳುಗುತ್ತವೆ. ಅಷ್ಟೇ.

ತಪ್ಪು ಕಲ್ಪನೆ: ಕೆನ್ನಾಯಿ ಕಟುಕ, ಗುಂಪು ಸೇರಿದ ಪುಂಡ

ಈ ಕಲ್ಪನೆಗೆ ಸಾವಿರಾರು ಜೀವಗಳ ಬೆಲೆ ತೆತ್ತಿದ್ದೇವೆ. ಬ್ರಿಟಿಷರ ಕಾಲದಲ್ಲಿ ಕೆನ್ನಾಯಿ, ಅಂದರೆ ಸೀಳುನಾಯಿ, ಕೊಂದು ತಂದವರಿಗೆ ಇನಾಮು ಇತ್ತು. ಬದುಕಿರುವಾಗಲೇ ಜಿಂಕೆಯ ಹೊಟ್ಟೆ ಸೀಳುತ್ತದೆ ಎಂಬುದು ಆರೋಪ. ಆ ಆರೋಪ ಸುಳ್ಳಲ್ಲ. ಆದರೆ ಹದಿನೈದು ಕಿಲೋ ಆಸುಪಾಸಿನ ಪ್ರಾಣಿ ತನಗಿಂತ ಹಲವು ಪಟ್ಟು ತೂಕದ ಕಡವೆಯನ್ನು ಹುಲಿಯಂತೆ ಕತ್ತು ಹಿಡಿದು ಕೆಡವಲಾರದು. ಅದಕ್ಕೆ ಇರುವುದು ಗುಂಪು, ಓಟ, ವೇಗ. 1972ರ ವನ್ಯಜೀವಿ ಕಾಯ್ದೆ ಬರುವವರೆಗೂ ಅದನ್ನು ಪೀಡೆಯಂತೆ ಕಾಣಲಾಯಿತು.

1976ರಿಂದ ಎರಡು ವರ್ಷ ಬಂಡೀಪುರದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಕೆನ್ನಾಯಿಗಳನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸಿದರು. ಮುಂದೆ ಕೃಪಾಕರ-ಸೇನಾನಿ ಜೋಡಿ ಅವುಗಳ ಬಿಲದ ಎದುರು ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಕುಳಿತರು. ಆಮೇಲೆ ನಮ್ಮ ಕಣ್ಣಿಗೆ ಬಿದ್ದ ಕೆನ್ನಾಯಿಯೇ ಬೇರೆ. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಉಳಿದವು ಬೇಟೆಯಿಂದ ಹೊಟ್ಟೆ ತುಂಬಿಸಿಕೊಂಡು ಬಂದು ಬಿಲದ ಬಾಯಲ್ಲಿ ಮರಿಗಳಿಗೂ ಬಾಣಂತಿಗೂ ಮಾಂಸ ಕಕ್ಕಿ ಕೊಡುತ್ತವೆ. ಮರಿಗಳು ಬೇಟೆಯ ಜಾಗಕ್ಕೆ ಬರುವಷ್ಟು ದೊಡ್ಡವಾದ ಮೇಲೆ ದೊಡ್ಡವು ಪಕ್ಕಕ್ಕೆ ಸರಿದು ಅವಕ್ಕೆ ಮೊದಲು ತಿನ್ನಲು ಬಿಡುತ್ತವೆ. ಪೊದೆಯ ಮರೆಯಲ್ಲಿ ಒಂದಕ್ಕೊಂದು ಕಾಣದಾದಾಗ ಸಿಳ್ಳೆ ಹಾಕಿ ಸೇರಿಕೊಳ್ಳುತ್ತವೆ. ಇನಾಮಿಗಾಗಿ ಬಿಲಗಳನ್ನು ಅಗೆದು ಮರಿಗಳನ್ನು ಕೊಂದ ದಿನಗಳಲ್ಲಿ ಇದನ್ನೆಲ್ಲ ನೋಡಿದವರು ಇರಲೇ ಇಲ್ಲ ಅನ್ನುವುದು ನೋವಿನ ಸಂಗತಿ.

ತಪ್ಪು ಕಲ್ಪನೆ: ಹಂಚಿ ತಿನ್ನುವುದೆಲ್ಲ ಔದಾರ್ಯ, ಇಲ್ಲವೇ ಎಲ್ಲವೂ ಸ್ವಾರ್ಥ

ಕಾಗೆ ಒಂದು ಅಗುಳು ಕಂಡರೂ ಬಳಗ ಕರೆಯುತ್ತದೆ ಎಂಬುದು ನಮ್ಮಲ್ಲಿ ಶತಮಾನಗಳಿಂದ ಬಂದ ಮಾತು. ಕಾಗೆಯ ದೊಡ್ಡ ನಂಟ ರೇವನ್ ಬಗ್ಗೆ ಬರ್ನ್ಡ್ ಹೈನ್‌ರಿಕ್ ಅಮೆರಿಕದ ಮೇನ್ ರಾಜ್ಯದ ಹಿಮದಲ್ಲಿ ಇದೇ ಪ್ರಶ್ನೆ ಕೇಳಿದರು. ಸತ್ತ ಪ್ರಾಣಿಯೊಂದು ಸಿಕ್ಕಾಗ ಮರಿರೇವನ್ ಏಕೆ ಕೂಗಿ ಎಲ್ಲರನ್ನೂ ಕರೆಯುತ್ತದೆ? ಆ ಜಾಗ ಒಂದು ದೊಡ್ಡ ಜೋಡಿಯ ಸ್ವತ್ತು. ಒಂಟಿಯಾಗಿ ಹೋದ ಎಳೆಯ ಹಕ್ಕಿಯನ್ನು ಅವು ಅಟ್ಟಿಬಿಡುತ್ತವೆ. ಹತ್ತಾರು ಸೇರಿದರೆ ಆ ಜೋಡಿ ಸೋಲುತ್ತದೆ, ಕರೆದವನಿಗೂ ತುತ್ತು ಸಿಗುತ್ತದೆ.

ಹಾಗೆಂದು ಎಲ್ಲವನ್ನೂ ಸ್ವಾರ್ಥದ ಚೀಲಕ್ಕೆ ತುಂಬಿ ಕಟ್ಟಿಡುವುದೂ ತಪ್ಪು. ಮಧ್ಯ ಅಮೆರಿಕದ ರಕ್ತ ಹೀರುವ ಬಾವಲಿಗಳು, ನಮ್ಮ ದೇಶದಲ್ಲಿ ಅವು ಇಲ್ಲ, ಎರಡು ಮೂರು ರಾತ್ರಿ ಉಪವಾಸ ಬಿದ್ದರೆ ಸಾಯುತ್ತವೆ. ಹಸಿದು ಬಂದದ್ದಕ್ಕೆ ಹೊಟ್ಟೆ ತುಂಬಿದ್ದು ರಕ್ತ ಕಕ್ಕಿ ಕುಡಿಸುವುದನ್ನು ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಕೋಸ್ಟರಿಕಾದಿಂದ ವರದಿ ಮಾಡಿದರು. ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಯಾರು ಯಾರಿಗೆ ಕೊಡುತ್ತಾರೆ ಎಂಬುದನ್ನು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಹಿಂದೆ ಯಾರು ಕೊಟ್ಟಿದ್ದರು ಎಂಬುದೇ ತೀರ್ಮಾನಿಸುತ್ತದೆ. ಅಪರಿಚಿತರಾದರೆ ಮೊದಲು ಮೈ ನೆಕ್ಕಿ ಶುಚಿ ಮಾಡುತ್ತವೆ, ನಂಬಿಕೆ ಬೆಳೆದ ಮೇಲೆ ರಕ್ತ. ಇದಕ್ಕೆ ಸ್ನೇಹ ಎನ್ನದೆ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

ತಪ್ಪು ಕಲ್ಪನೆ: ಆನೆ ಹಿಂಡಿಗೆ ಸಲಗ ನಾಯಕ; ಒಂಟಿಸಲಗ ಹಿಂಡಿನಿಂದ ಹೊರಹಾಕಿಸಿಕೊಂಡ ಪುಂಡ

ಹಿಂಡಿನಲ್ಲಿ ಖಾಯಂ ಆಗಿರುವುದು ಹೆಣ್ಣಾನೆಗಳೂ ಅ‌ವುಗಳ ಮರಿಗಳೂ ಮಾತ್ರ. ಗಂಡುಮರಿ ಹತ್ತು ಹದಿನೈದರ ವಯಸ್ಸಿಗೆ ತಾನಾಗಿ ಹೊರನಡೆಯುತ್ತದೆ. ಅದು ಬಹಿಷ್ಕಾರವಲ್ಲ, ಬೆಳೆಯುವ ರೀತಿಯೇ ಅದು. ಇನ್ನು 'ಹಿಂಡು' ಎಂಬುದೂ ನಾವಂದುಕೊಂಡಷ್ಟು ಗಟ್ಟಿಯಾದ ಕಟ್ಟಲ್ಲ. ಕಬಿನಿಯ ಹಿನ್ನೀರಿನಲ್ಲಿ ಬೇಸಗೆಗೆ ನೀರಿಳಿದು ಹುಲ್ಲು ಚಿಗುರಿದಾಗ ಸೇರುವ ಆನೆಗಳನ್ನು ಟಿ.ಎನ್.ಸಿ. ವಿದ್ಯಾ ಮತ್ತು ಅವರ ತಂಡ 2009ರಿಂದ ಕಿವಿಯ ಹರಕು, ಬಾಲದ ಕೂದಲು, ದಂತದ ಬಾಗು ನೋಡಿ ಒಂದೊಂದನ್ನೇ ಗುರುತಿಟ್ಟಿದೆ. ಒಂದು ಬಳಗದ ಹೆಣ್ಣಾನೆಗಳು ಇವತ್ತು ಎರಡು ಮೂರಾಗಿ ಚದುರಿ, ನಾಳೆ ಬೇರೆ ಜೋಡಿಯಾಗಿ ಕೂಡಿ ತಿರುಗುತ್ತವೆ. ಎದುರು ಕಂಡ ಮೂರು ಆನೆ ಮೂರೇ ಅಲ್ಲ, ಅವುಗಳ ಹಿಂದೆ ಕಾಣದ ಬಳಗವೊಂದು ಕಾಡಿನ ತುಂಬ ಹರಡಿಕೊಂಡಿರುತ್ತದೆ.

ಸಲಗಕ್ಕೂ ಬಳಗ ಬೇಕು ಎಂದು ಲೋಕಕ್ಕೆ ಕಠೋರವಾಗಿ ಕಲಿಸಿದ್ದು ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್. ಕ್ರೂಗರ್ ಕಾಡಿನಲ್ಲಿ ಹಿರಿಯ ಆನೆಗಳನ್ನು ಕೊಂದು ಸಂಖ್ಯೆ ಇಳಿಸಿದಾಗ ತಬ್ಬಲಿಯಾದ ಮರಿಗಳನ್ನು ಅಲ್ಲಿಗೆ ಸಾಗಿಸಿದ್ದರು. ಅವು ಹಿರಿಯರಿಲ್ಲದೆ ಬೆಳೆದವು. 1990ರ ದಶಕದಲ್ಲಿ ಆ ಹರೆಯದ ಗಂಡುಗಳಿಗೆ ವಯಸ್ಸಿಗೆ ಮುಂಚೆಯೇ ಮದ ಬಂದು ದೀರ್ಘಕಾಲ ನಿಂತಿತು. ನಲವತ್ತಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಅವು ಕೊಂದವು. 1998ರಲ್ಲಿ ಕ್ರೂಗರಿನಿಂದಲೇ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು. ಹರೆಯದವುಗಳ ಮದ ಇಳಿಯಿತು, ಘೇಂಡಾಗಳ ಕೊಲೆ ನಿಂತಿತು.

ನಮ್ಮ ಕಡೆಗೆ ಬರೋಣ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿಶಾಂತ್ ಶ್ರೀನಿವಾಸಯ್ಯ, ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ ಹೊಲಗದ್ದೆಗಳಿಗೆ ಬರುವ ಗಂಡಾನೆಗಳನ್ನು ನೋಡಿ 2019ರಲ್ಲಿ ಬರೆದರು. ದಟ್ಟ ಕಾಡಿನಲ್ಲಿ ಒಂಟಿಯಾಗಿಯೋ ಹೆಣ್ಣಾನೆಗಳ ಜೊತೆಗೋ ಇರುವ ಹರೆಯದ ಗಂಡುಗಳು ಕಾಡು ಚೂರಾಗಿ ಹೊಲ, ಕೆರೆ, ರಸ್ತೆ ಬೆರೆತ ಕಡೆ ಗಂಡುಗಳದೇ ಗುಂಪು ಕಟ್ಟಿಕೊಂಡು ದೀರ್ಘಕಾಲ ಒಟ್ಟಿಗೆ ಉಳಿಯುತ್ತವೆ. ರಾಗಿ ಹೊಲ ಸಿಗುತ್ತದೆ, ಮೈ ತುಂಬಿಕೊಳ್ಳುತ್ತದೆ, ಜೊತೆಗೆ ಪಟಾಕಿ, ತಂತಿ, ರೈಲು ಇವುಗಳ ಅಪಾಯವೂ ಇರುತ್ತದೆ. ಅಪಾಯದ ಜಾಗದಲ್ಲಿ ಗುಂಪು ಬೇಕಾಗುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟ ಸಣ್ಣದಲ್ಲ, ಪರಿಹಾರ ಅವನಿಗೆ ಬೇಗ ಸಿಗಬೇಕು. ಆದರೆ ಅಲ್ಲಿ 'ಪುಂಡಾನೆ ಹಿಡಿಯಿರಿ' ಎಂಬ ಕೂಗು ಎದ್ದಾಗ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಗುಂಪಿನ ದೊಡ್ಡ ದಂತದ ಹಿರಿಯ. ಅರಿವಳಿಕೆಯ ಚುಚ್ಚುಮದ್ದು ಹಾರಿಸಿ, ಸಾಕಾನೆಗಳ ನಡುವೆ ಕಟ್ಟಿ, ಅದನ್ನು ಲಾರಿಗೆ ಹತ್ತಿಸುವ ಹೊತ್ತಿಗೆ ಅದರ ಹಿಂದೆ ಬಂದಿದ್ದ ಹದಿನೈದು ಹದಿನಾರರ ಹರೆಯದವು ಇನ್ನೂ ಆ ಹೊಲದಾಚೆಯ ನೀಲಗಿರಿ ತೋಪಿನಲ್ಲೇ ನಿಂತಿರುತ್ತವೆ.